ಎಣಿಕೆ ತಪ್ಪಿದ ಕಸೂತಿ: ಒಂದು ಪೊರೆ ಆಪರೇಷನ್, ಒಂದು ಲೆನ್ಸ್ ಆಯ್ಕೆ

ನಾನು ಉತ್ತರ ಕರ್ನಾಟಕದ ಒಂದು ಕಣ್ಣಾಸ್ಪತ್ರೆಯಲ್ಲಿ ಆಪ್ಟೊಮೆಟ್ರಿಸ್ಟ್. ಆಪರೇಷನ್ ಮಾಡುವವಳಲ್ಲ. ಆಪರೇಷನ್‌ಗೆ ಮುಂಚೆ ಕಣ್ಣು ಅಳೆಯುವುದು, ಆಮೇಲೆ ನಂಬರ್ ನೋಡಿ ಚಸ್ಮಾ ಬರೆದುಕೊಡುವುದು ನನ್ನ ಕೆಲಸ. ಇಲ್ಲಿ ಹೇಳುವ ಪ್ರಕರಣದಲ್ಲಿ ಹೆಸರು, ಊರು, ಮನೆಯ ವಿವರ ಬದಲಿಸಿದ್ದೇನೆ. ರೋಗಿಯನ್ನು ಶಾಂತಕ್ಕ ಎನ್ನೋಣ. ಕಣ್ಣಿನ ಅಂಕಿಗಳನ್ನು ಮಾತ್ರ ಹೆಚ್ಚು ಕಡಿಮೆ ಹಾಗೇ ಇಟ್ಟಿದ್ದೇನೆ, ಯಾಕೆಂದರೆ ಕಥೆ ಇರುವುದೇ ಆ ಅಂಕಿಗಳಲ್ಲಿ.

ಆಪರೇಷನ್ನಿನಲ್ಲಿ ಏನೂ ಎಡವಟ್ಟಾಗಲಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಎಡವಟ್ಟು ಆಗಲಿದ್ದದ್ದು ಅದಕ್ಕೂ ಮುಂಚೆ, ಕೌನ್ಸೆಲಿಂಗ್ ಟೇಬಲ್ಲಿನ ಮೇಲೆ.

ಹಿನ್ನೆಲೆ

ಶಾಂತಕ್ಕನಿಗೆ 61 ವರ್ಷ. ಧಾರವಾಡದ ಕಡೆಯವರು. ಮೂವತ್ತೈದು ವರ್ಷಗಳಿಂದ ಕಸೂತಿ ಹಾಕುತ್ತಾರೆ. ಅದರಲ್ಲೂ ಚಂದ್ರಕಾಳಿ ಸೀರೆ ಅವರ ಕೈಗೆ ಒಗ್ಗಿದ ಕೆಲಸ. ಮದುವೆ ಹೆಣ್ಣಿಗೆ ಕೊಡುವ ಕಪ್ಪು ಸೀರೆ ಅದು, ಮೈತುಂಬ ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು.

ಕಸೂತಿ ಗೊತ್ತಿಲ್ಲದವರಿಗೆ ಎರಡು ಮಾತು. ಇದರಲ್ಲಿ ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ಚಿತ್ರ ಬರೆದುಕೊಂಡು ಹೊಲಿಯುವುದಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿಕೊಂಡು ಸೂಜಿ ಹಾಕಬೇಕು. ಗವಂತಿ, ಮುರಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆ. ಗವಂತಿಯಲ್ಲಿ ಸೂಜಿ ಒಂದು ದಾರಿಯಲ್ಲಿ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬಂದು, ಬಿಟ್ಟ ಜಾಗ ತುಂಬುತ್ತದೆ. ಗಂಟು ಹಾಕುವಂತಿಲ್ಲ, ಎರಡೂ ಮಗ್ಗುಲು ಒಂದೇ ಥರ ಕಾಣಬೇಕು. ಹೋಗುವಾಗ ಒಂದೇ ಒಂದು ಎಳೆ ತಪ್ಪಿದರೂ ಬರುವಾಗ ಗೆರೆ ಕೂಡುವುದಿಲ್ಲ. ಕಪ್ಪು ಬಟ್ಟೆಯ ಮೇಲೆ ಕಪ್ಪು ಎಳೆ ಎಣಿಸುವುದು ಎಂಥ ಕಣ್ಣಿನ ಕೆಲಸ ಎಂದು ನೀವೇ ಊಹಿಸಿ.

ಆ ಕೆಲಸಕ್ಕೆ ಶಾಂತಕ್ಕನ ಕಣ್ಣು ಒಂದು ರೀತಿಯಲ್ಲಿ ಹೇಳಿ ಮಾಡಿಸಿದಂತಿತ್ತು. ಎಂಟನೇ ಇಯತ್ತೆಯಿಂದ ಅವರಿಗೆ ಮೈನಸ್ ನಂಬರಿನ ಚಸ್ಮಾ. ಬಹಳ ವರ್ಷ ಮೈನಸ್ 5ರ ಹತ್ತಿರ ನಿಂತಿತ್ತು. ಮೈನಸ್ 5 ಎಂದರೆ ಬರಿಗಣ್ಣಿಗೆ 20 ಸೆಂಟಿಮೀಟರ್ ದೂರದ ವಸ್ತು ಸ್ಪಷ್ಟ, ಅದರಾಚೆ ಎಲ್ಲಾ ಮಸುಕು. ಲೆಕ್ಕ ಸುಲಭ: 100ನ್ನು ನಂಬರಿನಿಂದ ಭಾಗಿಸಿದರೆ ಸೆಂಟಿಮೀಟರ್ ಸಿಗುತ್ತದೆ. ನಲವತ್ತು ದಾಟಿದ ಮೇಲೆ ಉಳಿದ ಹೆಂಗಸರು ಸೂಜಿ ಪೋಣಿಸಲು ಚಾಳೀಸು ಹುಡುಕುವಾಗ, ಶಾಂತಕ್ಕ ಇದ್ದ ಚಾಳೀಸನ್ನು ಹಣೆಯ ಮೇಲಕ್ಕೆ ಸರಿಸಿ ಬರಿಗಣ್ಣಲ್ಲಿ ಎಳೆ ಎಣಿಸುತ್ತಿದ್ದರು.

ತೊಂದರೆ

ಅವರು ಬಂದಾಗ ಕಣ್ಣು ಮಂಜು ಎನ್ನಲಿಲ್ಲ. "ಎಣಿಕಿ ತಪ್ಪಾಕತ್ತೈತ್ರೀ," ಅಂದರು. "ಕರೀ ಬಟ್ಟಿ ಮ್ಯಾಲೆ ಎಳಿ ಕಾಣವಲ್ವು. ಹಾಕಿದ್ದು ಬಿಚ್ಚೋದ ಆಗೇತಿ."

ಎರಡು ವರ್ಷದಲ್ಲಿ ಮೂರು ಸಲ ಚಸ್ಮಾ ಬದಲಾಗಿತ್ತು. ಬಲಗಣ್ಣು ಮೈನಸ್ 8.5ಕ್ಕೆ, ಎಡಗಣ್ಣು ಮೈನಸ್ 7ಕ್ಕೆ ಬಂದು ನಿಂತಿತ್ತು. ಅರವತ್ತರ ಹತ್ತಿರ ಮೈನಸ್ ನಂಬರ್ ಹೀಗೆ ಓಡಿದರೆ ಮೊದಲು ಪೊರೆಯನ್ನೇ ಅನುಮಾನಿಸಬೇಕು. ಕಣ್ಣೊಳಗಿನ ಮಸೂರದ ನಡುಭಾಗ ಗಟ್ಟಿಯಾಗಿ ಹಳದಿಗೆ ತಿರುಗಿದಾಗ ಬೆಳಕು ಜಾಸ್ತಿ ಬಾಗುತ್ತದೆ, ನಂಬರ್ ಏರುತ್ತದೆ. ಬಲಗಣ್ಣಿಗೆ ಈಗ ಸ್ಪಷ್ಟವಾಗಿದ್ದದ್ದು 12 ಸೆಂಟಿಮೀಟರ್ ಮಾತ್ರ. ಬಟ್ಟೆ ಮೂಗಿಗೆ ತಾಗುತ್ತಿತ್ತು, ಕುತ್ತಿಗೆ ಹಿಡಿದುಕೊಂಡಿತ್ತು. ಚಸ್ಮಾ ಹಾಕಿದರೂ ಬಲಗಣ್ಣಿನ ದೃಷ್ಟಿ 6/18 ದಾಟುತ್ತಿರಲಿಲ್ಲ, ಅಂದರೆ ಸರಿಯಿರುವ ಕಣ್ಣು 18 ಮೀಟರಿನಿಂದ ಓದುವ ಅಕ್ಷರ ಇದಕ್ಕೆ 6 ಮೀಟರಿಗೆ ಬಂದರೇ ಕಾಣುತ್ತಿತ್ತು. ರಾತ್ರಿ ಎದುರಿಗೆ ಬರುವ ಗಾಡಿಯ ದೀಪ ಕಣ್ಣಿಗೆ ಚುಚ್ಚುತ್ತಿತ್ತು.

ಒಂದೂವರೆ ವರ್ಷ ತಡ ಮಾಡಿದ್ದು ಯಾಕೆ ಎಂದರೆ ಅದೇ ಹಳೇ ಉತ್ತರ. "ಪೊರಿ ಇನ್ನೂ ಹಣ್ಣಾಗಿಲ್ಲ ಅಂದಿದ್ರು." ಪೊರೆ ಹಣ್ಣಾಗುವವರೆಗೆ ಕಾಯುವುದು ಹಿಂದಿನ ಕಾಲದ ಲೆಕ್ಕ. ಈಗ ಕೇಳಬೇಕಾದ ಪ್ರಶ್ನೆ ನಿಮ್ಮ ಕೆಲಸಕ್ಕೆ ಅಡ್ಡಿಯಾಗುತ್ತಿದೆಯೇ ಎಂಬುದು. ತೀರಾ ಹಣ್ಣಾಗಿ ಗಟ್ಟಿಯಾದ ಪೊರೆಯನ್ನು ತೆಗೆಯುವುದೇ ಕಷ್ಟ.

ಇನ್ನೊಂದು ಭಯವೂ ಇತ್ತು. ಅವರ ಅಜ್ಜಿಗೆ ಡಾ. ಎಂ. ಸಿ. ಮೋದಿಯವರ ಶಿಬಿರದಲ್ಲಿ ಆಪರೇಷನ್ ಆಗಿತ್ತು. ಬೀಳಗಿಯಲ್ಲಿ ಹುಟ್ಟಿ, ಊರೂರಿಗೆ ಹೋಗಿ ಲಕ್ಷಾಂತರ ಜನರ ಕಣ್ಣು ತೆರೆಸಿದ ಮೋದಿಯವರ ಹೆಸರು ನಮ್ಮ ಕಡೆ ಇವತ್ತಿಗೂ ಮನೆಮಾತು. ಆದರೆ ಆಗ ಶಿಬಿರಗಳಲ್ಲಿ ಕಣ್ಣೊಳಗೆ ಲೆನ್ಸ್ ಹಾಕುವ ರೂಢಿ ಇರಲಿಲ್ಲ. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲೇ ಮೊದಲ ಕೃತಕ ಲೆನ್ಸ್ ಹಾಕಿದ್ದರೂ ಅದು ನಮ್ಮ ಹಳ್ಳಿಗಳಿಗೆ ಬರಲು ದಶಕಗಳೇ ಹಿಡಿದವು. ಮಸೂರ ತೆಗೆದರೆ ಆಯಿತು, ಅದರ ಬದಲಿಗೆ ಪ್ಲಸ್ 10ರ ಆಸುಪಾಸಿನ ದಪ್ಪ ಗಾಜು. "ನಮ್ಮ ಆಯಿಗೆ ಸೋಡಾಬಾಟ್ಲಿ ಚಾಳೀಸು ಕೊಟ್ಟಿದ್ರು. ಅಕಿ ಮೆಟ್ಟಲ ಇಳಿಯಾಕ ಹೆದರ್ತಿದ್ಲು," ಅಂದರು ಶಾಂತಕ್ಕ. ಆ ನೆನಪು ಆಮೇಲೆ ಇನ್ನೊಂದು ರೀತಿಯಲ್ಲಿ ನಿಜವಾಯಿತು. ಅದಕ್ಕೆ ಬರುತ್ತೇನೆ.

ಕೌನ್ಸೆಲಿಂಗ್ ಟೇಬಲ್

ಜತೆಗೆ ಬಂದಿದ್ದು ಮಗ. ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ. ನಮ್ಮಲ್ಲಿ ಲೆನ್ಸ್ ದರಪಟ್ಟಿ ಮೂರು ಕಾಲಮ್ಮಿನಲ್ಲಿತ್ತು: ಬೇಸಿಕ್, ಪ್ರೀಮಿಯಂ, ಸೂಪರ್ ಪ್ರೀಮಿಯಂ. ಬೇಸಿಕ್ಕಿನಲ್ಲಿ ಒಂದೇ ದೂರಕ್ಕೆ ಫೋಕಸ್ ಆಗುವ ಮೊನೊಫೋಕಲ್. ಕೊನೆಯದರಲ್ಲಿ ದೂರ, ನಡು, ಹತ್ತಿರ ಮೂರಕ್ಕೂ ಫೋಕಸ್ ಕೊಡುವ ಟ್ರೈಫೋಕಲ್, ದರ ಸುಮಾರು ಮೂರು ಪಟ್ಟು.

ಆ ಹೆಸರುಗಳನ್ನು ಓದಿದ ಯಾವ ಮಗ ಹೆತ್ತವ್ವನಿಗೆ ಬೇಸಿಕ್ ಹಾಕಿಸುತ್ತಾನೆ ಹೇಳಿ? "ರೊಕ್ಕದ ವಿಚಾರ ಮಾಡಬ್ಯಾಡ್ರಿ," ಅಂದರು ಅವರು. "ಇದ್ದುದರಾಗ ಚಲೋದು ಹಾಕ್ರಿ. ಅವ್ವಗ ಇನ್ನ ಮುಂದ ಚಾಳೀಸೇ ಬ್ಯಾಡ." ಅವರ ಓಣಿಯಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಟ್ರೈಫೋಕಲ್ ಹಾಕಿಸಿಕೊಂಡು ಪೇಪರು, ಮೊಬೈಲು, ಟಿವಿ ಎಲ್ಲಾ ಬರಿಗಣ್ಣಲ್ಲೇ ನೋಡುತ್ತಿದ್ದರು. ಅದು ಸುಳ್ಳಲ್ಲ. ಅಂಥವರಿಗೆ ಆ ಲೆನ್ಸ್ ನಿಜಕ್ಕೂ ಚೆನ್ನಾಗಿ ಒಗ್ಗುತ್ತದೆ.

ಮುಂಗಡ ಕಟ್ಟಿದರು. ದಿನ ಗೊತ್ತಾಯಿತು. ಶಾಂತಕ್ಕನ ಕೆಲಸ ಏನು ಎಂದು ಕೇಸ್ ಶೀಟಿನಲ್ಲಿ ಬರೆದಿತ್ತಾ? ಬರೆದಿತ್ತು. "ಗೃಹಿಣಿ." ಬರೆದವರು ನಮ್ಮವರೇ.

ತಡವಾದದ್ದೇ ಒಳ್ಳೆಯದಾಯಿತು

ಕಣ್ಣಿನ ಅಳತೆಗೆ ಅವರು ನನ್ನ ಹತ್ತಿರ ಬಂದರು. ಲೆನ್ಸಿನ ಪವರ್ ತೀರ್ಮಾನ ಆಗುವುದು ಮುಖ್ಯವಾಗಿ ಎರಡು ಅಳತೆಯಿಂದ. ಕಣ್ಣುಗುಡ್ಡೆಯ ಉದ್ದ ಒಂದು, ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ, ಬಾಗು ಇನ್ನೊಂದು. ಸಾಧಾರಣ ಕಣ್ಣಿನ ಉದ್ದ 23.5 ಮಿಲಿಮೀಟರ್ ಹತ್ತಿರ. ಇವರದು 25.8. ಮೈನಸ್ ನಂಬರಿನವರ ಕಣ್ಣು ಹೀಗೇ ಉದ್ದ. ಉದ್ದದಲ್ಲಿ 1 ಮಿಲಿಮೀಟರ್ ತಪ್ಪಿದರೆ ಕೊನೆಯ ನಂಬರಿನಲ್ಲಿ ಸುಮಾರು 2.5ರಷ್ಟು ತಪ್ಪುತ್ತದೆ, ಹಾಗಾಗಿ ಇಲ್ಲಿ ಅವಸರ ಸಲ್ಲದು.

ಉದ್ದ ಸರಿಯಾಗಿ ಬಂತು. ಕಾರ್ನಿಯಾದ ಬಾಗು ಮಾತ್ರ ಒಂದೊಂದು ಸಲ ಒಂದೊಂದು ಬರುತ್ತಿತ್ತು. ಕಾರಣ, ಕಣ್ಣು ಒಣಗಿತ್ತು. ಗಂಟೆಗಟ್ಟಲೆ ರೆಪ್ಪೆ ಬಡಿಯದೆ ಸೂಜಿ ಹಾಕುವವರಲ್ಲಿ ಇದು ಅಪರೂಪವಲ್ಲ. ಒಣಗಿದ ಕಾರ್ನಿಯಾದ ಮೇಲೆ ತೆಗೆದ ಅಳತೆಯನ್ನು ನಂಬಿ ಲೆನ್ಸ್ ತರಿಸುವ ಹಾಗಿಲ್ಲ. ಎರಡು ವಾರ ಕಣ್ಣೀರಿನ ಡ್ರಾಪ್ಸ್ ಹಾಕಿ, ಮತ್ತೆ ಬನ್ನಿ ಎಂದೆ. ಮಗ ರಜೆ ಹಾಕಿ ಬಂದಿದ್ದರು, ಮುಖ ಸಣ್ಣದಾಯಿತು.

ಎರಡು ವಾರ ಬಿಟ್ಟು ಶಾಂತಕ್ಕ ಒಬ್ಬರೇ ಬಂದರು. ಅಳತೆ ಈ ಸಲ ಕೂಡಿಬಂತು. ಡಾಕ್ಟರ ಸರದಿಗೆ ಕಾಯುತ್ತಾ ಕೂತವರು ಚೀಲದಿಂದ ಒಂದು ತುಂಡು ಕಪ್ಪು ಬಟ್ಟೆ ತೆಗೆದು, ಚಸ್ಮಾ ಮೇಲೆ ಸರಿಸಿ, ಮೂಗಿನ ಹತ್ತಿರ ಹಿಡಿದು ಸೂಜಿ ಹಾಕತೊಡಗಿದರು. ಆಗಲೇ ನನಗೆ ಗೊತ್ತಾದದ್ದು ಇವರು ಯಾವ ಕೆಲಸ ಮಾಡುತ್ತಾರೆ ಎಂದು. ಮೊದಲ ದಿನ ಅವರು "ಎಣಿಕಿ" ಅಂದಾಗ ನಾನು ರೊಕ್ಕದ ಎಣಿಕೆ ಎಂದುಕೊಂಡು ಸುಮ್ನೆ ತಲೆಯಾಡಿಸಿದ್ದೆ. ಎಳೆ, ಬಟ್ಟೆ ಎಂದದ್ದು ಕಿವಿಗೆ ಬಿದ್ದರೂ ತಲೆಗೆ ಹೋಗಿರಲಿಲ್ಲ.

ಪಕ್ಕದಲ್ಲಿ ಕೂತು ಕೇಳಿದೆ. "ಅಕ್ಕಾರ, ಕಣ್ಣು ಮುಚ್ಚಿ, ಹೊಲಿಯೋವಾಗ ಹೆಂಗ ಹಿಡೀತೀರಿ ಹಂಗ ಬಟ್ಟಿ ಹಿಡೀರಿ." ಹಿಡಿದರು. ಟೇಪು ತಂದು ಅಳೆದೆ. ಮೂರು ಸಲ ಹಿಡಿಸಿದೆ. 22, 24, 23 ಸೆಂಟಿಮೀಟರ್. ಮೂವತ್ತೈದು ವರ್ಷದ ಅಭ್ಯಾಸ ಕೈಯಲ್ಲಿ ಕೂತಿತ್ತು. ಕಣ್ಣು ಕೆಟ್ಟರೂ ಕೈ ಹಳೇ ಜಾಗ ಮರೆತಿರಲಿಲ್ಲ.

ಟ್ರೈಫೋಕಲ್ಲಿನ ಹತ್ತಿರದ ಫೋಕಸ್ ಸಾಮಾನ್ಯವಾಗಿ 40 ಸೆಂಟಿಮೀಟರ್ ಆಸುಪಾಸು. ಪೇಪರು ಓದುವ ದೂರ. ಬ್ಯಾಂಕಿನವರಿಗೆ ಬೇಕಾದದ್ದು ಅದೇ. ಶಾಂತಕ್ಕನ ಬಟ್ಟೆ ಇರುವುದು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ದೂರದಲ್ಲಿ. ಇನ್ನೊಂದು ಮುಖ್ಯ ಸಂಗತಿ: ಈ ಲೆನ್ಸುಗಳು ಕಣ್ಣಿಗೆ ಬಂದ ಬೆಳಕನ್ನು ಸಣ್ಣ ಸಣ್ಣ ಉಂಗುರಗಳಿಂದ ಮೂರು ಕಡೆ ಹಂಚುತ್ತವೆ. ಹಂಚಿದ ಮೇಲೆ ಒಂದೊಂದರ ಪಾಲು ಕಡಿಮೆಯೇ. ಬಿಳಿ ಹಾಳೆಯ ಮೇಲೆ ಕಪ್ಪಕ್ಷರ ಓದುವವರಿಗೆ ಇದು ಗಮನಕ್ಕೇ ಬರುವುದಿಲ್ಲ. ಕಪ್ಪಿನ ಮೇಲೆ ಕಪ್ಪನ್ನು ಎಣಿಸುವವರಿಗೆ ಬರುತ್ತದೆ. ರಾತ್ರಿ ದೀಪದ ಸುತ್ತ ಬಳೆ ಕಾಣುವುದೂ ಇದೇ ಕಾರಣಕ್ಕೆ. ಮೇಲಾಗಿ ಕಣ್ಣು ಒಣಗುವವರಿಗೆ ಈ ಲೆನ್ಸ್ ಅಷ್ಟಾಗಿ ಹಿಡಿಸುವುದಿಲ್ಲ.

ಹಾಗಾದರೆ ಮೊನೊಫೋಕಲ್ ಹಾಕಿದರೆ ಮುಗಿಯಿತಾ? ಇಲ್ಲ. ತೀರ್ಮಾನ ಕೆಡುವುದು ಜಾಸ್ತಿ ಇಲ್ಲೇ. ಮೊನೊಫೋಕಲ್ ಎಂದಾಕ್ಷಣ ರೂಢಿಯಲ್ಲಿ ದೂರಕ್ಕೆ ಸೊನ್ನೆ ನಂಬರ್ ಬರುವಂತೆ ಪವರ್ ಆರಿಸುತ್ತಾರೆ. ಶಾಂತಕ್ಕನ ಕಣ್ಣಿಗೆ ಅದು 14ರ ಆಸುಪಾಸಿನ ಲೆನ್ಸ್. ಹಾಕಿದರೆ ಟಿವಿ, ಬಸ್ಸಿನ ಬೋರ್ಡು, ಗುಡಿಯ ಕಳಸ ಬರಿಗಣ್ಣಿಗೆ ಫಳಫಳ. ಆದರೆ ಹುಟ್ಟಿದಾಗಿನಿಂದ ಹತ್ತಿರದ್ದು ಬರಿಗಣ್ಣಲ್ಲಿ ಕಂಡವರಿಗೆ ಆ ಹತ್ತಿರವೇ ಹೋಗಿಬಿಡುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸಲು, ಉಗುರು ಕತ್ತರಿಸಲು, ಸೂಜಿಗೆ ದಾರ ಹಾಕಲು, ಎಲ್ಲಕ್ಕೂ ಚಸ್ಮಾ. ಅದೂ ಪ್ಲಸ್ ಚಸ್ಮಾ, ಅವರ ಮೂಗಿಗೆ ಗೊತ್ತೇ ಇಲ್ಲದ ಚಸ್ಮಾ.

ಇದನ್ನು ಬಾಯಲ್ಲಿ ಹೇಳಿದರೆ ಯಾರಿಗೂ ತಿಳಿಯುವುದಿಲ್ಲ. ಅವರಿಗೆ ಹೇಳಿದೆ, "ಚಾಳೀಸು ತೆಗೀಬ್ಯಾಡ್ರಿ, ಹಾಕ್ಕೊಂಡ ಹೊಲೀರಿ ನೋಡೋಣ." ದೂರದ ಚಸ್ಮಾ ಮೂಗಿನ ಮೇಲಿದ್ದಾಗ ಹತ್ತಿರ ಹೇಗೆ ಕಾಣುತ್ತದೋ, ಸೊನ್ನೆ ನಂಬರಿನ ಲೆನ್ಸ್ ಹಾಕಿದ ಮೇಲೂ ಬರಿಗಣ್ಣಿಗೆ ಹೆಚ್ಚು ಕಡಿಮೆ ಹಾಗೇ ಕಾಣುತ್ತದೆ. ಶಾಂತಕ್ಕ ಬಟ್ಟೆ ದೂರ ಮಾಡಿದರು, ಇನ್ನೂ ದೂರ ಮಾಡಿದರು, ಕೈ ಮುಗಿಯಿತು. "ಇದೇನ ತಂಗಿ, ಎಳಿ ಅಲ್ಲ, ಬಟ್ಟೀನೇ ಇಲ್ಲ ಇಲ್ಲಿ," ಅಂದರು.

ಮನೆಯಲ್ಲಿ ಮೈನಸ್ ಚಸ್ಮಾ ಇರುವ, ನಲವತ್ತೈದು ದಾಟಿದ ಯಾರೇ ಆದರೂ ಮಾಡಿ ನೋಡಬಹುದಾದ ಪರೀಕ್ಷೆ ಇದು. ಖರ್ಚಿಲ್ಲ.

ನಂಬರ್ ಎಲ್ಲಿ ನಿಲ್ಲಿಸುವುದು

ಡಾಕ್ಟರಿಗೆ ಬಟ್ಟೆ ಸಮೇತ ಹೋಗಿ ಹೇಳಿದೆ. ಅವರು ಐದು ನಿಮಿಷ ಬಟ್ಟೆಯನ್ನೇ ನೋಡಿ, "ಹಾಗಾದ್ರೆ ಇವರನ್ನ ಮೈನಸ್ಸಿನಲ್ಲೇ ಬಿಡೋಣ" ಎಂದರು. ಪೊರೆ ತೆಗೆದು ಹಾಕುವ ಲೆನ್ಸಿನ ಪವರನ್ನು ಬೇಕೆಂದೇ ಜಾಸ್ತಿ ಆರಿಸಿ, ಕಣ್ಣನ್ನು ಹತ್ತಿರಕ್ಕೆ ಹೊಂದಿಸುವುದು. ದೂರಕ್ಕೆ ಮೊದಲಿನಂತೆ ಚಸ್ಮಾ, ಆದರೆ ಮೊದಲಿಗಿಂತ ತೆಳ್ಳನೆಯದು.

ಎಷ್ಟು ಮೈನಸ್? ಇದರ ಮೇಲೆ ನಮ್ಮಿಬ್ಬರಿಗೂ ಒಂದಿಷ್ಟು ವಾದವೇ ಆಯಿತು. 23 ಸೆಂಟಿಮೀಟರಿಗೆ ನೇರ ಲೆಕ್ಕ ಹಾಕಿದರೆ ಮೈನಸ್ 4.25 ಬೇಕು. ನನ್ನ ಒಲವು ಅತ್ತಲೇ ಇತ್ತು. ಡಾಕ್ಟರು ಒಪ್ಪಲಿಲ್ಲ. ಶಾಂತಕ್ಕ ದಿನವಿಡೀ ಹೊಲಿಯುವುದಿಲ್ಲ, ಒಲೆ ಮುಂದೆ ನಿಲ್ಲುತ್ತಾರೆ, ಮೊಮ್ಮಕ್ಕಳ ಮುಖ ನೋಡುತ್ತಾರೆ, ಚಸ್ಮಾ ಇಲ್ಲದೆ ಬಚ್ಚಲಿಗೆ ಹೋಗುತ್ತಾರೆ. ಇನ್ನು ಹತ್ತು ವರ್ಷಕ್ಕೆ ಕಸೂತಿ ನಿಲ್ಲಬಹುದು, ಲೆನ್ಸ್ ಮಾತ್ರ ಕಣ್ಣಲ್ಲೇ ಉಳಿಯುತ್ತದೆ. ಮೈನಸ್ 3 ಎಂದು ಗೊತ್ತುಮಾಡಿದೆವು. 33 ಸೆಂಟಿಮೀಟರ್. ಲೆನ್ಸ್ 18ರ ಹತ್ತಿರ. ಬಟ್ಟೆ ಸ್ವಲ್ಪ ದೂರ ಹಿಡಿಯುವುದನ್ನು ಅವರು ಕಲಿಯಬೇಕು, ಇಲ್ಲವಾದರೆ ಸಣ್ಣ ಪ್ಲಸ್ ಚಸ್ಮಾ. ಯಾರು ಸರಿ ಎಂದು ನನಗೆ ಈಗಲೂ ಪೂರ್ತಿ ಖಾತ್ರಿಯಿಲ್ಲ.

ಟ್ರಯಲ್ ಫ್ರೇಮಿನಲ್ಲಿ ಅವರಿಗೆ ಮೈನಸ್ 3 ಉಳಿಯುವಂತೆ ಗಾಜು ಹಾಕಿ ತೋರಿಸಿದೆ. ಪೊರೆ ಇರುವುದರಿಂದ ಮಸುಕಾಗಿಯೇ ಕಾಣುತ್ತದೆ, ಆದರೆ ಬಟ್ಟೆಯನ್ನು ಎಲ್ಲಿ ಹಿಡಿಯಬೇಕಾಗುತ್ತದೆ ಎಂಬುದು ಕೈಗೆ ತಿಳಿಯುತ್ತದೆ. ಕಾರಿಡಾರಿನಲ್ಲಿ ಓಡಾಡಿಸಿದೆ. ಟ್ರೈಫೋಕಲ್ ಅನುಭವವನ್ನು ಹೀಗೆ ಮುಂಚೆ ತೋರಿಸುವುದು ನಮ್ಮಲ್ಲಿ ಆಗದ ಮಾತು. ಒಳಗೆ ಹಾಕಿದ ಮೇಲೇ ಗೊತ್ತಾಗುವುದು.

ಮಗನನ್ನು ಒಪ್ಪಿಸುವುದು ಅಳತೆಗಿಂತ ಕಷ್ಟವಾಯಿತು. ಫೋನಿನಲ್ಲಿ, "ಆಪರೇಷನ್ ಮಾಡಿಸಿದ ಮ್ಯಾಲೂ ಚಾಳೀಸು ಹಾಕೋದಾದ್ರ ಏನ ಉಪಯೋಗ್ರೀ? ಅಗ್ಗದ್ದು ಹಾಕಿಸಿದಾ ಅಂತಾರ ಮಂದಿ," ಅಂದರು. ಅವರ ಮಾತಿನಲ್ಲಿ ಕಳಕಳಿಯೇ ಇತ್ತು. ನಮ್ಮ ಮೂರು ಕಾಲಮ್ಮಿನ ಪಟ್ಟಿ ಆ ಕಳಕಳಿಯನ್ನು ದರಕ್ಕೆ ಗಂಟು ಹಾಕಿತ್ತು ಅಷ್ಟೇ. ನಾನು ಒಂದೇ ಮಾತು ಹೇಳಿದೆ: ಮೊನೊಫೋಕಲ್ಲಿನ ಲೆಕ್ಕ ಸ್ವಲ್ಪ ತಪ್ಪಿದರೆ ಚಸ್ಮಾದಿಂದ ಸರಿಮಾಡಬಹುದು. ಟ್ರೈಫೋಕಲ್ಲಿನ ಬಳೆ, ಮಂಕು ಬೇಡವೆನಿಸಿದರೆ ಚಸ್ಮಾದಿಂದ ಹೋಗುವುದಿಲ್ಲ, ಲೆನ್ಸನ್ನೇ ತೆಗೆದು ಬದಲಿಸಬೇಕು.

ಅವರು ಇನ್ನೂ ಯೋಚಿಸುತ್ತಿದ್ದರು. ಶಾಂತಕ್ಕ ಫೋನ್ ಇಸಿದುಕೊಂಡರು. "ಚಾಳೀಸು ನನಗೇನ ಭಾರ ಅಲ್ಲೋ ತಮ್ಮಾ. ಸಾಲಿಗೆ ಹೋಗೋವಾಗಿಂದ ಹಾಕ್ಕೊಂಡೀನಿ. ಕೈಯಾಗಿನ ಬಟ್ಟಿ ಕಾಣಬೇಕ ನನಗ." ಅಲ್ಲಿಗೆ ಮುಗಿಯಿತು. ಮುಂಗಡದಲ್ಲಿ ಹೆಚ್ಚಾದ ಹಣ ವಾಪಸ್ ಹೋಯಿತು. ಆಡಳಿತದವರು ನನ್ನನ್ನು ಹೇಗೆ ನೋಡಿದರು ಎಂಬುದು ಬೇರೆ ವಿಷಯ, ಬಿಡಿ.

ಆಪರೇಷನ್, ಮತ್ತು ನಾವು ಹೇಳಲು ಮರೆತದ್ದು

ಉದ್ದ ಕಣ್ಣಿನವರಲ್ಲಿ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಚಿತ್ರ ಮೂಡುವ ಪದರ, ಕಳಚುವ ಅಪಾಯ ಉಳಿದವರಿಗಿಂತ ಜಾಸ್ತಿ. ಅದಕ್ಕೆ ಪಾಪೆ ಹಿಗ್ಗಿಸಿ ರೆಟಿನಾದ ಅಂಚಿನವರೆಗೂ ನೋಡಿಯಾಯಿತು, ಚೆನ್ನಾಗಿತ್ತು. ಕಣ್ಣ ಮುಂದೆ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕಿಗಳು ಒಮ್ಮೆಲೇ ಜಾಸ್ತಿಯಾದರೆ, ಪರದೆ ಎಳೆದಂತೆ ಕಂಡರೆ ಅವತ್ತೇ ಬರಬೇಕು ಎಂದು ಹೇಳಿದೆವು. ಸಕ್ಕರೆ, ಬಿಪಿ ಸರಿಯಿದ್ದವು.

ಬಲಗಣ್ಣು ಮೊದಲು. ಡ್ರಾಪ್ಸ್ ಹಾಕಿಯೇ ಮರಗಟ್ಟಿಸಿ, ಮೂರು ಮಿಲಿಮೀಟರಿಗಿಂತ ಕಿರಿದಾದ ಗಾಯದಿಂದ ಫೇಕೊ, ಅಂದರೆ ಪೊರೆಯನ್ನು ಕಣ್ಣೊಳಗೇ ಪುಡಿಮಾಡಿ ಹೀರಿ ತೆಗೆಯುವುದು. ಮಡಚುವ ಮೊನೊಫೋಕಲ್ ಲೆನ್ಸ್. ಹೊಲಿಗೆ ಇಲ್ಲ. ಹೊಲಿಗೆಯಿಲ್ಲ ಎಂದದ್ದಕ್ಕೆ ಶಾಂತಕ್ಕ ನಕ್ಕರು. ಮಾರನೇ ದಿನ ಪಟ್ಟಿ ಬಿಚ್ಚಿದಾಗ ಎರಡು ಕಣ್ಣನ್ನೂ ಒಂದೊಂದಾಗಿ ಮುಚ್ಚಿ ಗೋಡೆ ನೋಡಿದರು. "ಈ ಕಣ್ಣಿಗೆ ಸುಣ್ಣ, ಆ ಕಣ್ಣಿಗೆ ಅರಿಷಿಣ," ಅಂದರು.

ಮೂರನೇ ದಿನ ತೊಂದರೆ ಶುರುವಾಯಿತು. ಬಲಗಣ್ಣು ಈಗ ಮೈನಸ್ 3ರ ಹತ್ತಿರ, ಎಡಗಣ್ಣು ಇನ್ನೂ ಮೈನಸ್ 7. ಹಳೇ ಚಸ್ಮಾ ಬಲಗಣ್ಣಿಗೆ ಆಗದು. ಅವರ ಸೊಸೆ ಅಂಗಡಿಗೆ ಹೋಗಿ ಬಲಗಡೆಯ ಗಾಜು ತೆಗೆಸಿದಳು. ಒಂದು ಕಣ್ಣಿಗೆ ಮಸುಕು, ಒಂದು ಕಣ್ಣಿಗೆ ಸಣ್ಣ ಚಿತ್ರ, ಎರಡೂ ಕೂಡದೆ ತಲೆ ಸುತ್ತು. ಆ ಸುತ್ತಿನಲ್ಲೇ ಹಿತ್ತಲ ಮೆಟ್ಟಿಲು ತಪ್ಪಿ ಕಾಲು ಉಳುಕಿತು. ಅಜ್ಜಿ ಮೆಟ್ಟಿಲಿಗೆ ಹೆದರುತ್ತಿದ್ದಳು ಎಂದಿದ್ದರಲ್ಲ, ಮೊಮ್ಮಗಳಿಗೂ ಅದೇ ಆಯಿತು.

ಇದು ನಮ್ಮ ತಪ್ಪು. ಲೆನ್ಸ್ ಆಯ್ಕೆಯ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡವರು ಎರಡು ಆಪರೇಷನ್ನಿನ ನಡುವಿನ ವಾರಗಳ ಬಗ್ಗೆ ಮಾತೇ ಆಡಿರಲಿಲ್ಲ. ದೊಡ್ಡ ಮೈನಸ್ಸಿನವರಿಗೆ ಈ ನಡುಗಾಲ ಖಂಡಿತ ಕಾಟ ಕೊಡುತ್ತದೆ. ಎರಡೂ ಕಣ್ಣಿಗೆ ಸರಿ ನಂಬರಿನ ಗಾಜು ಹಾಕಿದರೂ ಎರಡು ಅಳತೆಯ ಚಿತ್ರ ಬಂದು ಮಿದುಳು ಗೊಂದಲಕ್ಕೆ ಬೀಳುತ್ತದೆ. ಹೊರಗೆ ಓಡಾಡುವಾಗ ಬಲಗಣ್ಣಿಗೆ ಮಾತ್ರ ನಂಬರ್ ಇರುವ, ಎಡಗಡೆ ಮಬ್ಬು ಗಾಜಿನ ಅಗ್ಗದ ಚಸ್ಮಾ ಮಾಡಿಸಿಕೊಟ್ಟೆವು. ಐದನೇ ವಾರಕ್ಕೆ ಇಟ್ಟಿದ್ದ ಎಡಗಣ್ಣಿನ ಆಪರೇಷನ್ ಮೂರನೇ ವಾರಕ್ಕೆ ಹಿಂದೆ ತಂದೆವು.

ಎಡಗಣ್ಣಿಗೆ ಮುಂಚೆ ಇನ್ನೊಂದು ಪ್ರಶ್ನೆ ಎದ್ದಿತ್ತು. ಅದನ್ನು ಮೈನಸ್ 1.5ಕ್ಕೆ ನಿಲ್ಲಿಸಿದರೆ ಅಡುಗೆಮನೆ, ಎದುರು ಕೂತವರ ಮುಖ ಬರಿಗಣ್ಣಲ್ಲೇ ಸಿಗುತ್ತದೆ, ಒಂದು ಕಣ್ಣು ಹತ್ತಿರಕ್ಕೆ, ಒಂದು ನಡುದೂರಕ್ಕೆ. ಎಷ್ಟೋ ಜನ ಇದರಲ್ಲಿ ಸುಖವಾಗಿದ್ದಾರೆ. ಆದರೆ ಸೂಜಿಯ ಮೊನೆ ಎಳೆಯ ಮುಂದಿದೆಯೋ ಹಿಂದಿದೆಯೋ ಎಂಬ ಅಂದಾಜಿಗೆ ಎರಡೂ ಕಣ್ಣು ಒಂದೇ ದೂರದಲ್ಲಿ ಸ್ಪಷ್ಟವಾಗಿರಬೇಕು. ನಡುವಿನ ಮೂರು ವಾರದ ಒದ್ದಾಟ ನೋಡಿದ ಮೇಲಂತೂ ಯಾರಿಗೂ ಧೈರ್ಯವಿರಲಿಲ್ಲ. ಎಡಗಣ್ಣನ್ನೂ ಬಲಗಣ್ಣಿನ ಜತೆಗೇ ಹೊಂದಿಸಲು ತೀರ್ಮಾನವಾಯಿತು.

ಆಮೇಲೆ

ಎರಡು ತಿಂಗಳಿಗೆ ಬಲಗಣ್ಣು ಮೈನಸ್ 3.25, ಎಡಗಣ್ಣು ಮೈನಸ್ 2.75. ಚಸ್ಮಾ ಹಾಕಿದರೆ ಎರಡೂ 6/6. ಹೊಸ ಚಸ್ಮಾ ಎಷ್ಟು ತೆಳ್ಳಗಿತ್ತೆಂದರೆ ಅಂಗಡಿಯವನು ಮೋಸ ಮಾಡಿದನೇನೋ ಎಂದು ಮೊದಲು ನನ್ನ ಹತ್ತಿರ ತಂದು ತೋರಿಸಿದರು. ಬಿಳಿ ಬಟ್ಟೆ, ಕೆಂಪು ಬಟ್ಟೆಯ ಮೇಲೆ ಬರಿಗಣ್ಣಲ್ಲೇ ಹೊಲಿಯುತ್ತಿದ್ದರು, 30 ಸೆಂಟಿಮೀಟರಿನಲ್ಲಿ.

ಕಪ್ಪು ಬಟ್ಟೆಗೆ ಮಾತ್ರ ಸಾಲಲಿಲ್ಲ. "ಮೊದಲ ಎಳಿ ದಪ್ಪ ಕಾಣತಿದ್ವು," ಅಂದರು, ದೂರಿನ ದನಿಯಲ್ಲೇ. ನಿಜ. 20 ಸೆಂಟಿಮೀಟರಿನಲ್ಲಿ ಕಂಡದ್ದು 30ರಲ್ಲಿ ಸಣ್ಣದಾಗಿಯೇ ಕಾಣುತ್ತದೆ. ಮೈನಸ್ 5ರ ಕಣ್ಣಿನೊಳಗೆ ಒಂದು ಭೂತಗನ್ನಡಿಯೇ ಇತ್ತು, ಅದನ್ನು ನಾವು ಅರ್ಧ ತೆಗೆದಿದ್ದೆವು. ಪ್ಲಸ್ 1.25ರ ಚಸ್ಮಾ ಕೊಟ್ಟೆ. ಅದು ಅವರ ಮೈನಸ್ 3ರ ಜತೆ ಕೂಡಿ, ಕಣ್ಣು ಮೈನಸ್ 4.25ರದ್ದೇ ಎಂಬಂತೆ, ಬಟ್ಟೆಯನ್ನು ಹೆಚ್ಚು ಕಡಿಮೆ ಅದೇ ಹಳೇ 23 ಸೆಂಟಿಮೀಟರಿಗೆ ತಂದಿತು. ಅದಕ್ಕೆ ಅವರು ಇಟ್ಟ ಹೆಸರು "ಕರೀ ಸೀರಿ ಚಾಳೀಸು". ಹೀಗಾಗಿ ಮಗ ಒಂದೂ ಬೇಡ ಎಂದಿದ್ದ ಮನೆಯಲ್ಲಿ ಈಗ ಎರಡು ಚಾಳೀಸು ಇವೆ. ಶಾಂತಕ್ಕನಿಗೆ ಅದರ ಬಗ್ಗೆ ಬೇಸರವಿಲ್ಲ. ಮಗನಿಗೆ ಸ್ವಲ್ಪ ಇದೆ ಎಂದು ನನ್ನ ಅನುಮಾನ.

ಹದಿನಾಲ್ಕು ತಿಂಗಳಿಗೆ ಬಲಗಣ್ಣು ಮತ್ತೆ ಮಂಜಾಯಿತು ಎಂದು ಬಂದರು. "ಪೊರಿ ತಿರುಗಿ ಬಂತು" ಎಂದು ಮನೆಯಲ್ಲಿ ಗಾಬರಿ. ಪೊರೆ ತಿರುಗಿ ಬರುವುದಿಲ್ಲ. ಲೆನ್ಸನ್ನು ಕೂರಿಸಿದ ತೆಳುಚೀಲದ ಹಿಂಭಾಗ ಕೆಲವರಲ್ಲಿ ಮಬ್ಬಾಗುತ್ತದೆ. ಯಾಗ್ ಲೇಸರಿನಿಂದ ಕೆಲವು ನಿಮಿಷದಲ್ಲಿ ನಡುವೆ ಕಿಂಡಿ ಮಾಡಿದರೆ ಸರಿ. ಮಾಡಿದರು, ಸರಿಯಾಯಿತು. ಲೆನ್ಸೇ ಬೇಡ ಎನ್ನುವವರು ಈ ಲೇಸರಿಗೆ ಮುಂಚೆಯೇ ಹೇಳಬೇಕು. ಚೀಲದಲ್ಲಿ ಕಿಂಡಿ ಬಿದ್ದ ಮೇಲೆ ಲೆನ್ಸ್ ಬದಲಿಸುವುದು ಇನ್ನೂ ಕಷ್ಟ.

ಈ ಪ್ರಕರಣ ನಮ್ಮಲ್ಲಿ ಕೆಲವನ್ನು ಬದಲಿಸಿತು. ಅಳತೆ ಕೋಣೆಯಲ್ಲಿ ಈಗ ಒಂದು ಟೇಪು ತೂಗುಹಾಕಿದೆ. ಕೇಸ್ ಶೀಟಿನಲ್ಲಿ "ಗೃಹಿಣಿ" ಎಂದು ಬರೆದರೆ ಅದರ ಮುಂದೆ ಕೈಯಲ್ಲಿ ಏನು ಕೆಲಸ ಮಾಡುತ್ತಾರೆ, ಎಷ್ಟು ದೂರದಲ್ಲಿ ಎಂದು ಬರೆಯಲೇಬೇಕು. ಮೈನಸ್ ನಂಬರಿನವರಿಗೆ ಲೆನ್ಸಿನ ಹೆಸರಿಗೆ ಮುಂಚೆ ಕೇಳುವುದು ಬರಿಗಣ್ಣಿಗೆ ಏನು ಉಳಿಯಬೇಕು ಎಂದು. ಅಕ್ಕಸಾಲಿಗರು, ಗಡಿಯಾರ ರಿಪೇರಿಯವರು, ಮಗ್ಗದವರು ಬಂದರೆ ಅವರ ಸಾಮಾನು ಜತೆಗೆ ತರಿಸುತ್ತೇವೆ. ಇಬ್ಬರು ಅಕ್ಕಸಾಲಿಗರು ಈಗಾಗಲೇ ಹತ್ತಿರಕ್ಕೆ ಲೆನ್ಸ್ ಆರಿಸಿದರು. ರಾತ್ರಿ ಲಾರಿ ಓಡಿಸುವ ಒಬ್ಬರು ದೂರದ್ದೇ ಬೇಕೆಂದರು, ಅದೂ ಉಂಗುರವಿಲ್ಲದ ಮೊನೊಫೋಕಲ್. ದರಪಟ್ಟಿಯ "ಬೇಸಿಕ್" ಪದ ತೆಗೆಸಲು ನಾನು ಇನ್ನೂ ಬೆನ್ನು ಹತ್ತಿದ್ದೇನೆ. ಆಗಿಲ್ಲ.

ಲೇಸರಿನ ದಿನ ಶಾಂತಕ್ಕ ಒಂದು ಚಂದ್ರಕಾಳಿ ಸೆರಗು ತಂದಿದ್ದರು. ಆಪರೇಷನ್‌ಗೆ ಹಿಂದಿನ ವರ್ಷ ಹಾಕಿದ್ದು. ತುಳಸಿಕಟ್ಟೆಯ ಮೇಲೆ ಬೆರಳಿಟ್ಟು ತೋರಿಸಿದರು. ಕಟ್ಟೆಯ ಒಂದು ಅರ್ಧಕ್ಕೆ ಅಚ್ಚ ಬಿಳಿ ದಾರ, ಇನ್ನೊಂದು ಅರ್ಧಕ್ಕೆ ಕೆನೆಬಣ್ಣ. ಹಾಕುವಾಗ ಎರಡೂ ಒಂದೇ ಬಿಳಿಯಾಗಿ ಕಂಡಿದ್ದವಂತೆ. ಎಣಿಕೆ ಮಾತ್ರ ಎಲ್ಲೂ ತಪ್ಪಿರಲಿಲ್ಲ. ಬಿಚ್ಚಿ ಹಾಕಲೋ ಹಂಗ ಬಿಡಲೋ ಎಂದು ನನ್ನನ್ನು ಕೇಳಿದರು. ನಾನು ಬಿಡ್ರಿ ಅಂದೆ. ಅವರು ಸೆರಗನ್ನು ಮತ್ತೊಮ್ಮೆ 23 ಸೆಂಟಿಮೀಟರಿಗೆ ತಂದು, ಬಹಳ ಹೊತ್ತು ನೋಡಿ, ಮಡಚಿ ಚೀಲಕ್ಕೆ ಹಾಕಿಕೊಂಡರು.